ಶಹಾಬಾದ್ ಕಲ್ಲಲ್ಲಿ ಕೈಗೊಡಲಿ ಕೆತ್ತಿದ್ದು: ಕೊಡಲಿಗಿಂತ ಚಕ್ಕೆ ರಾಶಿ ಹೇಳಿದ್ದೇ ಜಾಸ್ತಿ

ಈ ಸಲದ ಪ್ರಾಜೆಕ್ಟ್ ಮರದ್ದಲ್ಲ, ಕಬ್ಬಿಣದ್ದಲ್ಲ, ಬರೀ ಕಲ್ಲಿಂದು. ಹಳೆ ಶಿಲಾಯುಗದ ಕೈಗೊಡಲಿ. ಎರಡೂ ಮುಖ ಕೆತ್ತಿ, ಒಂದು ತುದಿ ಚೂಪು, ಇನ್ನೊಂದು ತುದಿ ಅಂಗೈಯಲ್ಲಿ ಕೂರೋ ಹಾಗೆ ದಪ್ಪ, ಸುತ್ತಲೂ ಅಂಚು. ಆಫ್ರಿಕಾದ ಕೊಕಿಸೆಲೇ, ಕೊನ್ಸೊ ಜಾಗಗಳಲ್ಲಿ ಸುಮಾರು 17.5 ಲಕ್ಷ ವರ್ಷ ಹಿಂದಿನವು ಸಿಕ್ಕಿದಾವೆ, ಅಲ್ಲಿಂದ ಮುಂದೆ ಹದಿನೈದು ಲಕ್ಷ ವರ್ಷ ಹತ್ತಿರ ಹತ್ತಿರ ಜನ ಇದೇ ಥರದ್ದನ್ನ ಮಾಡ್ತಾನೇ ಇದ್ರು, ಆಫ್ರಿಕಾ, ಯುರೋಪ್, ನಮ್ಮ ಇಂಡಿಯಾ ಎಲ್ಲಾ ಕಡೆ. ಫ್ರಾನ್ಸಿನ ಸೇಂಟ್ ಅಶೂಲ್ ಅನ್ನೋ ಜಾಗದ ಹೆಸರಿಂದ ಇದಕ್ಕೆ ಅಶೂಲಿಯನ್ ಅಂತಾರೆ.

ನನಗೆ ತಿಳ್ಕೋಬೇಕಾಗಿದ್ದು ಒಂದೇ ವಿಷಯ. ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಇಟ್ಟಾಗ ಇದು ಯಾರೋ ಒಬ್ಬ ಒಂಟಿಯಾಗಿ ಕೂತು ಮಾಡಿದ ವಸ್ತು ಥರ ಕಾಣತ್ತೆ, ಆದ್ರೆ ಓದಿದ ಕಡೆಯೆಲ್ಲ ಇದರಿಂದ ಆ ಕಾಲದ ಜನ ಹೇಗೆ ಕೂಡಿ ಬದುಕ್ತಿದ್ರು, ಹೇಗೆ ಕಲಿಸ್ತಿದ್ರು ಅಂತೆಲ್ಲ ಬರೀತಾರೆ. ಒಂದು ಕಲ್ಲಿಂದ ಅಷ್ಟೆಲ್ಲ ಹೇಗೆ ಗೊತ್ತಾಗತ್ತೆ? ಓದಿದ್ದು ಸಾಲ್ತಾ ಇರಲಿಲ್ಲ, ಅದಕ್ಕೆ ಕೈ ಹಾಕಿದೆ.

ಕಲ್ಲು ಯಾವುದು ಅನ್ನೋದು ಮೊದಲ ಪ್ರಶ್ನೆ. ಇಂಗ್ಲೆಂಡ್, ಫ್ರಾನ್ಸ್ ಕಡೆ ವಿಡಿಯೋ ಎಲ್ಲಾ ಫ್ಲಿಂಟ್ ಕಲ್ಲಿಂದು, ನಮ್ಮಲ್ಲಿ ಅದು ಸಿಗಲ್ಲ. ಆದ್ರೆ ನಮ್ಮ ಕರ್ನಾಟಕದ್ದೇ ಒಂದು ದಾರಿ ಇದೆ. ಯಾದಗಿರಿ ಜಿಲ್ಲೆ ಹುಣಸಗಿ ಹತ್ತಿರ ಇಸಾಂಪುರ ಅಂತ ಊರಿದೆ, ಪುಣೆ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯ ಅವರು 1970ರ ದಶಕದಿಂದ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ನಡೆದೂ ನಡೆದೂ ಇನ್ನೂರರ ಹತ್ತಿರ ಅಶೂಲಿಯನ್ ನೆಲೆಗಳನ್ನ ಗುರುತು ಮಾಡಿದಾರೆ, ಅದರಲ್ಲಿ ಇಸಾಂಪುರ ತುಂಬಾ ದೊಡ್ಡ ವಿಷಯ ಯಾಕಂದ್ರೆ ಅದು ಕಲ್ಲು ಎಬ್ಬಿಸಿ ಅಲ್ಲೇ ಕೆತ್ತುತ್ತಿದ್ದ ಜಾಗ, ಒಂಥರಾ ಕ್ವಾರಿನೂ ವರ್ಕ್‌ಶಾಪೂ ಎರಡೂ. ಅಲ್ಲಿ ಸಿಕ್ಕ ಪ್ರಾಣಿ ಹಲ್ಲಿನ ಎನಾಮೆಲ್ ಟೆಸ್ಟ್ ಮಾಡಿ ಸುಮಾರು 12 ಲಕ್ಷ ವರ್ಷ ಅಂತ ಹೇಳಿದಾರೆ. ಬಳಸಿದ ಕಲ್ಲು ಸಿಲಿಕಾ ಸೇರಿದ ಸುಣ್ಣಕಲ್ಲು, ಪದರ ಪದರವಾಗಿ ಚಪ್ಪಡಿ ಥರ ಏಳತ್ತೆ. ಅದನ್ನ ಹೊಡೆಯಕ್ಕೆ ಬಳಸಿದ್ದು ಕ್ವಾರ್ಟ್ಜೈಟ್, ಬಸಾಲ್ಟ್, ಚರ್ಟ್ ಗುಂಡುಗಳು.

ಮನೆಗೆಲ್ಲ ನೆಲಕ್ಕೆ ಹಾಕೋ ಶಹಾಬಾದ್ ಕಲ್ಲೂ ಆ ಭೀಮಾ ಸೀಮೆಯ ಸುಣ್ಣಕಲ್ಲೇ. ಇಸಾಂಪುರದ್ದಕ್ಕಿಂತ ಸ್ವಲ್ಪ ಮೆತ್ತಗೆ, ಆದ್ರೆ ಕಣ ತುಂಬಾ ನುಣುಪು, ಹೊಡೆದ್ರೆ ಚಕ್ಕೆ ಚೆನ್ನಾಗಿ ಏಳತ್ತೆ. ಕಲ್ಲಿನ ಅಂಗಡಿ ಹಿಂದೆ ಒಡೆದ ಪೀಸ್‌ಗಳ ಗುಡ್ಡೆ ಇರತ್ತಲ್ಲ, ಅಲ್ಲಿ ಪಾಲಿಶ್ ಮಾಡದೇ ಇರೋ, ಐದು ಸೆಂಟಿಮೀಟರ್ ದಪ್ಪದ ತುಂಡುಗಳನ್ನ ಆರಿಸ್ಕೊಂಡೆ. ಆರಿಸೋ ವಿಧಾನ ಕಿವಿಯಿಂದ. ತುಂಡನ್ನ ಎರಡು ಬೆರಳಲ್ಲಿ ನೇತಾಡಿಸಿ ಸಣ್ಣ ಕಲ್ಲಿಂದ ತಟ್ಟಬೇಕು, ಠಣ್ ಅಂತ ಬಂದ್ರೆ ಒಳಗೆ ಬಿರುಕಿಲ್ಲ, ಡಬ್ ಅಂತ ಬಂದ್ರೆ ಅದನ್ನ ಅಲ್ಲೇ ಬಿಡಿ, ಎಷ್ಟೇ ಕೆತ್ತಿದ್ರೂ ಕೊನೇಲಿ ಆ ಬಿರುಕಿನ ಜಾಗದಲ್ಲೇ ಹೋಗತ್ತೆ.

ಹೊಡೆಯೋದಕ್ಕೆ ಎರಡು ಗುಂಡುಕಲ್ಲು, ದೊಡ್ಡದು ಮುಕ್ಕಾಲು ಕೆಜಿ, ಚಿಕ್ಕದು ಕಾಲು ಕೆಜಿ, ಎರಡೂ ಕ್ವಾರ್ಟ್ಜೈಟ್. ಅಂಚು ಉಜ್ಜೋದಕ್ಕೆ ಒಂದು ಒರಟು ಮರಳುಕಲ್ಲಿನ ತುಂಡು. ಕೊನೆ ಹಂತಕ್ಕೆ ಮೆತ್ತಗಿನ ಸುತ್ತಿಗೆ ಬೇಕು, ಹೊರದೇಶದೋರು ಜಿಂಕೆ ಕೊಂಬು ಬಳಸ್ತಾರೆ, ನಮ್ಮಲ್ಲಿ ಅದನ್ನ ಕೊಳ್ಳೋದು ಮಾರೋದು ಕಾನೂನಿಗೆ ವಿರುದ್ಧ, ಹುಡುಕಲೂ ಬೇಡಿ. ನಾನು ಎಮ್ಮೆ ಕೊಂಬು ತಗೊಂಡೆ. ಇದರ ಐಡಿಯಾ ಬಂದಿದ್ದು ಗುಜರಾತಿನ ಖಂಭಾತ್‌ನಿಂದ. ಅಲ್ಲಿ ಅಕೀಕ್ ಕಲ್ಲಿನ ಮಣಿ ಮಾಡೋರು ಇವತ್ತಿಗೂ ಕಬ್ಬಿಣದ ಗೂಟಕ್ಕೆ ಕಲ್ಲನ್ನ ಒತ್ತಿ ಹಿಡಿದು ಎಮ್ಮೆ ಕೊಂಬಿನ ಸುತ್ತಿಗೆಯಿಂದ ತಟ್ಟಿ ಚಕ್ಕೆ ಎಬ್ಬಿಸ್ತಾರೆ, ಹರಪ್ಪದ ಕಾಲದ ಮಣಿಗಳ ಬಗ್ಗೆ ರಿಸರ್ಚ್ ಮಾಡೋರು ಅವರ ಹತ್ತಿರ ಕೂತು ಕಲಿತಿದಾರೆ.

ಖಂಭಾತ್ ಅಂದಾಗ ಇನ್ನೊಂದು ಹೇಳ್ಲೇಬೇಕು, ಅಲ್ಲಿನ ಕೆಲಸದೋರಿಗೆ ಕಲ್ಲಿನ ಧೂಳಿಂದ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬಂದು ಬಹಳ ಜನ ಹೋಗಿದಾರೆ. ಹಾಗಾಗಿ ಎನ್95 ಮಾಸ್ಕ್ ಇಲ್ಲದೆ, ಗಾಳಿ ಆಡದ ರೂಮಲ್ಲಿ, ಈ ಕೆಲಸ ಯಾವತ್ತೂ ಮಾಡಬೇಡಿ. ಕಣ್ಣಿಗೆ ಗಾಗಲ್ಸ್, ತೊಡೆ ಮೇಲೆ ದಪ್ಪ ಚರ್ಮ (ಹಳೇ ಬ್ಯಾಗ್ ಬಿಚ್ಚಿದ್ದು), ಎಡಗೈಗೆ ಗ್ಲೌಸ್, ಕೆಳಗೆ ಟಾರ್ಪಾಲ್. ಟಾರ್ಪಾಲ್ ಯಾಕೆ ಅಷ್ಟು ಮುಖ್ಯ ಅಂತ ಮುಂದೆ ಹೇಳ್ತೀನಿ.

ಈಗ ಕೆತ್ತೋ ವಿಷಯ.

ಚಪ್ಪಡಿ ತುಂಡಿನ ಲಾಭ ಏನಂದ್ರೆ ದಪ್ಪ ಆಗಲೇ ಸರಿಯಾಗಿರತ್ತೆ, ಕಷ್ಟ ಏನಂದ್ರೆ ಅಂಚು ಪೆಟ್ಟಿಗೆ ಥರ ನೇರ ತೊಂಬತ್ತು ಡಿಗ್ರಿ ಇರತ್ತೆ, ಅಂಥ ಅಂಚಿಗೆ ಎಷ್ಟು ಹೊಡೆದ್ರೂ ಚಕ್ಕೆ ಬರಲ್ಲ, ಜಜ್ಜಿ ಪುಡಿ ಆಗತ್ತೆ ಅಷ್ಟೇ. ತೊಂಬತ್ತಕ್ಕಿಂತ ಕಮ್ಮಿ ಕೋನ ಇರೋ ಒಂದು ಮೂಲೆ ಹುಡುಕಬೇಕು, ಅಲ್ಲಿಂದ ಮೊದಲ ಚಕ್ಕೆ ತೆಗೀಬೇಕು. ಇದನ್ನ ನನಗೆ ತೋರಿಸಿದ್ದು ನಮ್ಮ ಕಡೆ ಒರಳುಕಲ್ಲು, ರುಬ್ಬೋಕಲ್ಲು ಮಾಡ್ತಿದ್ದ ಒಬ್ಬರು ಯಜಮಾನ್ರು. ಅವರ ಕೆಲಸ ಗ್ರಾನೈಟ್‌ದು, ಚಾಣ ಸುತ್ತಿಗೆಯದ್ದು, ಕೈಗೊಡಲಿ ಅನ್ನೋದನ್ನ ಅವರು ನೋಡಿದ್ದೇ ಮೊದಲ ಸಲ, ಆದ್ರೂ ಕಲ್ಲನ್ನ ಕೈಗೆ ತಗೊಂಡು ಒಂದೆರಡು ಸಲ ತಿರುಗಿಸಿ "ಮುಖ ನೋಡ್ಬೇಡಿ ಸಾರ್, ಅಂಚು ನೋಡಿ. ಕಲ್ಲು ಹೋಗೋದು ಅಂಚಿಂದ" ಅಂದ್ರು. ನನ್ನ ಕೈ ಹಿಡಿದು ಗುಂಡುಕಲ್ಲಿನ ಓಟ ಎಷ್ಟು ಓರೆ ಇರಬೇಕು ಅಂತ ತೋರಿಸಿ ಬಿಟ್ರು. ಪುಸ್ತಕದಲ್ಲಿ ಪುಟಗಟ್ಟಲೆ ಇದ್ದ ವಿಷಯ ಅರ್ಧ ನಿಮಿಷದಲ್ಲಿ ಕೈಗೆ ಬಂತು.

ಮೊದಲ ಚಕ್ಕೆ ಎದ್ದ ಮೇಲೆ ಕಲ್ಲು ತಿರುಗಿಸಿ, ಆ ಚಕ್ಕೆ ಎದ್ದ ಗುಳಿಯನ್ನೇ ಮುಂದಿನ ಹೊಡೆತಕ್ಕೆ ಜಾಗ ಮಾಡ್ಕೋಬೇಕು, ಮತ್ತೆ ತಿರುಗಿಸಿ ಹೊಡಿಬೇಕು. ಹೀಗೆ ಮೇಲೆ ಕೆಳಗೆ ಮೇಲೆ ಕೆಳಗೆ ಸುತ್ತ ಬಂದ್ರೆ ಅಂಕುಡೊಂಕಾದ ಒಂದು ಅಂಚು ಆಗತ್ತೆ. ಇಲ್ಲಿವರೆಗೂ ಕೋಪ ಬಂದು ಹೊಡೆದ್ರೂ ನಡೆಯತ್ತೆ. ಇದರ ನಂತರ ನಡೆಯಲ್ಲ. ಯಾಕಂದ್ರೆ ಪ್ರತಿ ಚಕ್ಕೆ ತೆಗೆದಾಗಲೂ ಅಗಲ ಕಮ್ಮಿ ಆಗತ್ತೆ, ಚಕ್ಕೆ ಗಿಡ್ಡ ಬಂದ್ರೆ ನಡುವಿನ ದಪ್ಪ ಹಾಗೇ ಉಳಿಯತ್ತೆ, ಅಗಲ ಮಾತ್ರ ಹೋಗತ್ತೆ, ಕೊನೆಗೆ ಕೈಯಲ್ಲಿ ಒಂದು ಉಂಡೆ ಉಳಿಯತ್ತೆ. ನಡುವಿನವರೆಗೂ ಓಡೋ ಉದ್ದ ಚಕ್ಕೆ ಬೇಕಂದ್ರೆ ಮೊದಲು ಅಂಚನ್ನ ಸಣ್ಣ ಸಣ್ಣ ತಟ್ಟಿ ಕೆಳಕ್ಕೆ ತರಬೇಕು, ಮರಳುಕಲ್ಲಲ್ಲಿ ಗಸಗಸ ಉಜ್ಜಿ ಮೊಂಡು ಮಾಡಬೇಕು (ಚೂಪಾಗಿದ್ರೆ ಹೊಡೆತದ ಬಲ ಒಳಗೆ ಹೋಗೋಕೆ ಮುಂಚೆ ಅಂಚೇ ಪುಡಿಯಾಗತ್ತೆ), ಆಮೇಲೆ ಕೊಂಬಿನಿಂದ ಹೊಡಿಬೇಕು. ಅಂದ್ರೆ ಚೂಪು ಮಾಡಬೇಕಾದ ವಸ್ತುವನ್ನ ಮೊದಲು ಬೇಕಂತ ಮೊಂಡು ಮಾಡಬೇಕು. ಇದು ತಾನಾಗೇ ಯಾರಿಗೂ ಹೊಳೆಯೋ ವಿಷಯ ಅಲ್ಲ ಅಂತ ನನಗೆ ಬಲವಾಗಿ ಅನ್ಸತ್ತೆ. ಒಂದು ಮಾತು, ಈ ನಯವಾದ ತೆಳು ಮಾಡೋ ಕೆಲಸ ಇಂಗ್ಲೆಂಡಿನ ಬಾಕ್ಸ್‌ಗ್ರೋವ್ ಥರದ ಈಚಿನ (ಸುಮಾರು 5 ಲಕ್ಷ ವರ್ಷದ ಹಿಂದಿನ) ನೆಲೆಗಳದ್ದು, ಹಳೇ ಕೈಗೊಡಲಿಗಳು ಬರೀ ಗುಂಡುಕಲ್ಲಲ್ಲೇ ಒರಟಾಗಿ ಮಾಡಿದವು. ನಾನು ಎರಡನ್ನೂ ಕಲಿಬೇಕು ಅಂತ ಸೇರಿಸ್ಕೊಂಡೆ.

ತುದಿಯನ್ನ ಕೊನೆಗೆ ಬಿಡಿ. ಮೊದಲೇ ತುದಿ ತೆಳ್ಳಗೆ ಮಾಡಿದ್ರೆ ಹಿಂದೆ ಹೊಡೆದ ಹೊಡೆತದ ಅದುರಿಗೆ ತುದಿ ಚಟ್ ಅಂತ ಹೋಗತ್ತೆ, ಹೊಡೆಯುವಾಗ ಆ ಕಡೆ ತುದಿ ತೊಡೆಗೆ ಒತ್ತಿಕೊಂಡಿರಬೇಕು. ನಾಲ್ಕು ಕೆಜಿ ಮೇಲಿದ್ದ ತುಂಡಿಂದ ಕೊನೆಗೆ ಉಳಿದಿದ್ದು 14 ಸೆಂಟಿಮೀಟರ್ ಉದ್ದ, ಎಂಟೂವರೆ ಅಗಲ, ನಾಲ್ಕು ದಪ್ಪ, ತೂಕ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ. ಬಾಕಿ ಎಲ್ಲ ಟಾರ್ಪಾಲ್ ಮೇಲೆ.

ಕತ್ತರಿಸಿ ನೋಡೋದಕ್ಕೆ ಮಟನ್ ಅಂಗಡಿಯಿಂದ ಚರ್ಮ ಸಮೇತ ಕಾಲು ತರಿಸಿದ್ದೆ. ಚರ್ಮ ಸೀಳೋದಕ್ಕೆ ಕೊಡಲಿಗಿಂತ ಬಿದ್ದಿದ್ದ ತೆಳು ಚಕ್ಕೇನೇ ಚೆಂದ, ಬ್ಲೇಡ್ ಥರ ಹೋಗತ್ತೆ. ಕೀಲು ಬಿಡಿಸೋಕೆ, ಬಿದಿರು ಕಡಿಯೋಕೆ ಕೊಡಲಿನೇ ಬೇಕು, ತೂಕ ಇದ್ಯಲ್ಲ. ಸುಣ್ಣಕಲ್ಲಿನ ಅಂಚು ಬೇಗ ಮೊಂಡಾಗತ್ತೆ, ಎರಡು ಮೂರು ಸಣ್ಣ ಚಕ್ಕೆ ತೆಗೆದ್ರೆ ಮತ್ತೆ ಸರಿ ಹೋಗತ್ತೆ. ಒಬ್ಬರು ಕಾಲು ಎಳೆದು ಹಿಡ್ಕೊಂಡ್ರೆ ಕೆಲಸ ಸಲೀಸು.

ನನಗೆ ತುಂಬಾ ಮುಖ್ಯ ಅನ್ಸಿದ ಭಾಗ ಇನ್ಮೇಲೆ ಬರತ್ತೆ. ಅಣ್ಣನ ಮಗಳಿಗೆ ಹದಿನಾರು ವರ್ಷ, ಅವಳ ಫ್ರೆಂಡಿಗೂ ಅಷ್ಟೇ. ಇಬ್ಬರಿಗೂ ಗಾಗಲ್ಸ್ ಮಾಸ್ಕ್ ಹಾಕಿಸಿ ಒಂದು ಸಣ್ಣ ಪ್ರಯೋಗ ಮಾಡಿದ್ವಿ. ಫ್ರೆಂಡ್ ಕೈಗೆ ಮುಗಿದ ಕೊಡಲಿ ಕೊಟ್ಟು "ಇದೇ ಥರ ಮಾಡು" ಅಂತ ಮಾತ್ರ ಹೇಳಿದ್ದು, ಇವಳು ನನ್ನ ಪಕ್ಕ ಕೂತು ನೋಡ್ತಾ, ಕೇಳ್ತಾ ಮಾಡಿದ್ಳು. ಆ ಹುಡುಗಿ ತುಂಬಾ ಜಾಣೆ, ಆಕಾರ ಕರೆಕ್ಟಾಗಿ ಮನಸ್ಸಲ್ಲಿ ಇಟ್ಕೊಂಡಿದ್ಳು, ಆದ್ರೆ ಆಕಾರದ ಗೆರೆ ಹಿಡ್ಕೊಂಡೇ ಅಂಚು ಜಜ್ಜುತ್ತಾ ಹೋದ್ಳು, ಹೊರಗಿನ ರೂಪ ಬಂತು, ಅಂಚು ಬರಲಿಲ್ಲ. ರಂಗೋಲಿ ಮುಗಿದ ಮೇಲೆ ನೋಡಿದ್ರೆ ಯಾವ ಚುಕ್ಕಿಯಿಂದ ಎಳೆ ಶುರುವಾಯ್ತು, ಎಲ್ಲಿ ತಿರುಗಿತು ಅಂತ ಕಾಣಲ್ಲ ನೋಡಿ, ಇದೂ ಹಾಗೆ. ಮುಗಿದ ಕೈಗೊಡಲಿ ತನ್ನ ಹಂತಗಳನ್ನೆಲ್ಲ ತಾನೇ ಅಳಿಸಿಬಿಟ್ಟಿರತ್ತೆ, ಕೊನೆ ಸಾಲಿನ ಚಕ್ಕೆ ಗುರುತು ಬಿಟ್ಟು ಹಿಂದಿಂದೆಲ್ಲ ನೆಲದ ಮೇಲೆ ಬಿದ್ದಿರತ್ತೆ. ಇತ್ತ ಇವಳು ಸ್ವಲ್ಪ ಹೊತ್ತಲ್ಲೇ "ಚಿಕ್ಕಪ್ಪ ತಡೀರಿ, ಆ ಕಡೆ ಇನ್ನೂ ಉಜ್ಜಿಲ್ಲ ನೀವು" ಅಂತ ನನಗೇ ಹೇಳೋಕೆ ಶುರು ಮಾಡಿದ್ಳು. ಸಂಜೆ ಇಬ್ಬರೂ ಒಟ್ಟಿಗೆ ಕೂತ್ರು, ಇವಳು ಅವಳ ಕಲ್ಲಿನ ಮೇಲೆ ಬೆರಳಿಟ್ಟು ಇಲ್ಲಿ, ಇಲ್ಲಿ ಅಂತ ತೋರಿಸಿದ್ಳು, ಅವಳ ಕಲ್ಲಿಂದನೂ ಉದ್ದ ಚಕ್ಕೆ ಏಳ್ತು.

ಇಬ್ಬರು ಹುಡುಗೀರಿಂದ ಏನೂ ಸಾಬೀತಾಗಲ್ಲ, ಆದ್ರೆ ಇದನ್ನ ದೊಡ್ಡ ಮಟ್ಟದಲ್ಲಿ ಮಾಡಿದಾರೆ. 2015ರಲ್ಲಿ ಪ್ರಿಂಟಾದ ಒಂದು ಸ್ಟಡಿಯಲ್ಲಿ 184 ಜನಕ್ಕೆ ಬರೀ ಸರಳ ಚಕ್ಕೆ ತೆಗೆಯೋದನ್ನ ಐದು ಥರ ಕಲಿಸಿ ನೋಡಿದ್ರು: ಬರೀ ವಸ್ತು ಕೊಟ್ಟು, ಮಾಡೋದನ್ನ ತೋರಿಸಿ, ಕೈ ತಿದ್ದಿ, ಸನ್ನೆ ಮಾಡಿ, ಮಾತಾಡಿ. ಬರೀ ನೋಡಿ ಕಲಿತೋರಿಗೆ ಅಷ್ಟೇನು ಲಾಭ ಆಗಲಿಲ್ಲ, ಸನ್ನೆ ಮತ್ತು ಮಾತಿನಿಂದ ಕಲಿತೋರ ಕೆಲಸ ಮಾತ್ರ ಸುಮಾರು ಉತ್ತಮ ಆಯ್ತು. ಅದೂ ಕೈಗೊಡಲಿಗಿಂತ ಎಷ್ಟೋ ಸುಲಭದ ಕೆಲಸಕ್ಕೆ. ಹಾಗಾದ್ರೆ ಈ ಮೊಂಡು ಮಾಡಿ ಚೂಪು ಮಾಡೋ ವಿದ್ಯೆ ಲಕ್ಷಾಂತರ ವರ್ಷ ಕಡಿದು ಹೋಗದೆ ಬಂದಿದೆ ಅಂದ್ರೆ, ಪ್ರತಿ ತಲೆಮಾರಲ್ಲೂ ಯಾರೋ ಒಬ್ಬರು ತಮ್ಮ ಕೆಲಸ ನಿಲ್ಲಿಸಿ ಇನ್ನೊಬ್ಬರ ಕಲ್ಲಿನ ಮೇಲೆ ಬೆರಳಿಟ್ಟು ತೋರಿಸಿರಲೇಬೇಕು. ಪೂರ್ತಿ ಭಾಷೆ ಇತ್ತು ಅಂತ ನಾನು ಹೇಳ್ತಾ ಇಲ್ಲ. ಸನ್ನೆ ಸಾಕು. ತಾಳ್ಮೆ ಮಾತ್ರ ಬೇಕೇ ಬೇಕು, ಹಾಗೇ ಕಲಿಯೋರು ಕಲ್ಲು ಹಾಳು ಮಾಡೋ ಅಷ್ಟು ದಿನ ಅವರ ಹೊಟ್ಟೆಗೆ ಬೇರೆ ಯಾರಾದ್ರೂ ಹಾಕಬೇಕು.

ಈ ಕೊನೆ ಮಾತಿಗೆ ಪುರಾವೆ ಬೇಕಂದ್ರೆ ಇಂಡೋನೇಷ್ಯಾದ ಪಾಪುವಾದ ಲಾಂಗ್ಡಾ ಊರನ್ನ ನೋಡಬೇಕು. ಅಲ್ಲಿನ ಗಂಡಸರು ತೀರಾ ಈಚಿನವರೆಗೂ ಕಲ್ಲಿನ ಬಾಚಿ ಮಾಡ್ತಿದ್ರು, ಡೀಟ್ರಿಕ್ ಸ್ಟೌಟ್ ಅನ್ನೋ ಅಮೆರಿಕದ ಸಂಶೋಧಕ ಅಲ್ಲಿ ಹೋಗಿ ನೋಡಿ 2002ರಲ್ಲಿ ಬರೆದಿದಾರೆ. ಕಲಿಯೋಕೆ ಐದು ವರ್ಷ ಅಥವಾ ಇನ್ನೂ ಜಾಸ್ತಿ ಬೇಕಿತ್ತು, ಪೂರ್ತಿ ಪಳಗೋಕೆ ಹತ್ತು ವರ್ಷ. ಎಲ್ಲರೂ ಸಾಲಾಗಿ ಕೂತು ಒಟ್ಟಿಗೆ ಕೆತ್ತುತ್ತಿದ್ರು, ಕಲಿಯೋ ಹುಡುಗನ ಕಲ್ಲು ಕೆಡೋ ಹಂತಕ್ಕೆ ಬಂದ್ರೆ ಪಕ್ಕದ ಹಿರಿಯರು ಹೇಳಿಕೊಡ್ತಿದ್ರು. ಲಾಂಗ್ಡಾ ಜನ ನಮ್ಮ ಥರದ ಇವತ್ತಿನ ಮನುಷ್ಯರು, 12 ಲಕ್ಷ ವರ್ಷದ ಹಿಂದಿನೋರಿಗೆ ನೇರ ಹೋಲಿಸೋಕೆ ಆಗಲ್ಲ, ಅದು ಒಪ್ತೀನಿ. ಆದ್ರೆ ಕಲ್ಲು ಒಡೆಯೋ ನಿಯಮ ಅವರಿಗೂ ಇವರಿಗೂ ಒಂದೇ.

ಟಾರ್ಪಾಲ್ ವಿಷಯಕ್ಕೆ ಬರ್ತೀನಿ. ಕೆಲಸ ಮುಗಿದ ಮೇಲೆ ಏನೂ ಗುಡಿಸದೆ ತಾರಸಿ ಮೇಲಿಂದ ಫೋಟೋ ತೆಗೆದೆ. ನಾನು ಕಾಲು ಚಾಚಿದ್ದ ಜಾಗ ಖಾಲಿ, ಅದರ ನಡುವೆ ದಟ್ಟ ಚಕ್ಕೆ. ಪಕ್ಕದಲ್ಲಿ ಹುಡುಗೀರ ಎರಡು ಚಿಕ್ಕ ರಾಶಿ. ರಾಶಿ ನೋಡಿದ್ರೆ ಸಾಕು, ಯಾವುದು ಯಾರದ್ದು ಅಂತ ಗೊತ್ತಾಗತ್ತೆ: ಕಲಿಯೋರ ರಾಶಿಯಲ್ಲಿ ಗಿಡ್ಡ ಚಕ್ಕೆ, ಮೆಟ್ಟಿಲು ಥರ ಮಧ್ಯಕ್ಕೇ ಮುರಿದಿದ್ದು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದ ಬಿಳಿ ಗುರುತು. ಅಣ್ಣನ ಮಗಳ ರಾಶಿಯಲ್ಲಿ ಮಾತ್ರ ಕೆಳಗೆ ಗಿಡ್ಡ ಚಕ್ಕೆ, ಮೇಲೆ ಉದ್ದ ಚಕ್ಕೆ. ಕಲಿತಿದ್ದು ಪದರವಾಗಿ ಅಲ್ಲೇ ಕೂತಿದೆ. ಕೊಡಲಿ ಯಾರಾದ್ರೂ ತಗೊಂಡು ಹೋದ್ರೂ ಈ ರಾಶಿ ಇದ್ರೆ ಇಲ್ಲಿ ಮೂರು ಜನ ಇದ್ರು, ಒಬ್ಬರು ಕಲಿಸ್ತಿದ್ರು ಅಂತ ಹೇಳಬಹುದು.

ಇಂಗ್ಲೆಂಡಿನ ಬಾಕ್ಸ್‌ಗ್ರೋವ್‌ನಲ್ಲಿ ನಿಜಕ್ಕೂ ಹೀಗೇ ಆಗಿದೆ. ಸುಮಾರು 5 ಲಕ್ಷ ವರ್ಷದ ಹಿಂದೆ ಒಂದು ಕುದುರೆಯನ್ನ ಕಡಿದು ಪಾಲು ಮಾಡಿದ ಜಾಗ ಅದು, ಮಾರ್ಕ್ ರಾಬರ್ಟ್ಸ್ ಅವರ ತಂಡ ಅಗೆದಿದ್ದು. ಕುದುರೆ ಸುತ್ತ ಬೇರೆ ಬೇರೆ ಕಡೆ ಕೂತು ಫ್ಲಿಂಟ್ ಕೆತ್ತಿದ ರಾಶಿಗಳು, ಬಿದ್ದ ಜಾಗದಲ್ಲೇ ಇದ್ದವು, ಆ ಚಕ್ಕೆಗಳನ್ನ ಒಂದಕ್ಕೊಂದು ಜೋಡಿಸಿದ್ರೆ ಮೂಲ ಕಲ್ಲು ವಾಪಸ್ ಬರತ್ತೆ, ಮಧ್ಯದಲ್ಲಿ ಮಾತ್ರ ಕೈಗೊಡಲಿ ಆಕಾರದ ಖಾಲಿ ಜಾಗ. ಕೊಡಲಿ ಜೊತೆ ತಗೊಂಡು ಹೋಗಿದಾರೆ. ಅದೇ ಕುದುರೆಯ ಮೂಳೆಯನ್ನ ಅಂಚು ತಿದ್ದೋಕೆ ಸುತ್ತಿಗೆ ಥರ ಬಳಸಿದಾರೆ. ಅಷ್ಟು ದೊಡ್ಡ ಪ್ರಾಣಿಯ ಸುತ್ತ ಒಂದೇ ಹೊತ್ತಲ್ಲಿ ಹಲವರು ಕೂತು ಕೆಲಸ ಮಾಡಿದ್ದಾರೆ ಅಂದ್ರೆ ಮಾಂಸ ಹಂಚ್ಕೊಂಡು ತಿಂದಿರಬೇಕು, ಬೇರೆ ಅರ್ಥ ನನಗಂತೂ ಕಾಣಲ್ಲ. ಕಲಿಯೋರು ಮತ್ತು ಕಲಿತೋರು ಬೇರೆ ಬೇರೆ ಕೂತಿದ್ದು ಇನ್ನೂ ಸ್ಪಷ್ಟವಾಗಿ ಕಾಣೋದು ಫ್ರಾನ್ಸಿನ ಎತಿಯೋಲ್‌ನಲ್ಲಿ, ಪಳಗಿದೋರು ಒಲೆ ಹತ್ತಿರ, ಕಲಿಯೋರು ಸ್ವಲ್ಪ ದೂರ, ಆದ್ರೆ ಅದು ಕೈಗೊಡಲಿ ಕಾಲದ್ದಲ್ಲ, ತುಂಬಾ ಈಚಿಂದು, ಹಿಮಯುಗದ ಕೊನೆ ಭಾಗದ್ದು.

ಇಷ್ಟು ಚೆಂದಕ್ಕೆ, ಎರಡೂ ಕಡೆ ಸಮ ಬರೋ ಹಾಗೆ ಯಾಕೆ ಮಾಡ್ತಿದ್ರು ಅನ್ನೋದಕ್ಕೆ ಬೇರೆ ವಾದಗಳಿವೆ. 1999ರಲ್ಲಿ ಮಾರೆಕ್ ಕೋನ್ ಮತ್ತು ಸ್ಟೀವನ್ ಮಿಥೆನ್, ಇದು ಸಂಗಾತಿಯನ್ನ ಮೆಚ್ಚಿಸೋಕೆ, ನೋಡಿ ನನ್ನ ಕೈಚಳಕ ಅಂತ ತೋರಿಸೋಕೆ ಮಾಡಿದ್ದು ಅಂದ್ರು. 2012ರಲ್ಲಿ ಯಾರ್ಕ್ ಯೂನಿವರ್ಸಿಟಿಯ ಪೆನ್ನಿ ಸ್ಪೈಕಿನ್ಸ್, ಅಲ್ಲ, ಇಷ್ಟು ತಾಳ್ಮೆಯಿಂದ ಕೆತ್ತೋರು ನಂಬಬಹುದಾದೋರು ಅಂತ ಗುಂಪಿಗೆ ಗೊತ್ತಾಗ್ತಿತ್ತು ಅಂದ್ರು. ಕೆತ್ತಿ ನೋಡಿದ ಮೇಲೆ ನನಗೆ ಎರಡನೇದು ಹತ್ತಿರ ಅನ್ಸತ್ತೆ, ಮೊದಲನೇದು ಒಪ್ಪೋಕೆ ಆಗಲ್ಲ. ಯಾಕಂದ್ರೆ ಸಮ ಆಕಾರದಲ್ಲಿ ಬಹುಪಾಲು ಕೆಲಸದ ಜೊತೆಗೇ ಬರತ್ತೆ, ಎರಡೂ ಅಂಚು ನೇರ ಬೇಕಂದ್ರೆ, ತೂಕ ಅಂಗೈ ನಡುವೆ ಕೂರಬೇಕಂದ್ರೆ ಆಕಾರ ತಾನಾಗಿ ಸಮ ಆಗ್ತಾ ಬರತ್ತೆ. ಅದೂ ಅಲ್ಲದೆ ತೋರಿಸ್ಕೊಳ್ಳೋಕೇ ಮಾಡಿದ್ರೆ ಒರಟು ಕೈಗೊಡಲಿಗಳು ಇಷ್ಟೊಂದು ಯಾಕೆ ಇರ್ತಿದ್ವು?

ಗುಂಪು ಎಷ್ಟು ದೊಡ್ಡದು, ಎಷ್ಟು ದೂರದೋರ ಜೊತೆ ಸಂಬಂಧ ಇತ್ತು ಅನ್ನೋದಕ್ಕೂ ಕಲ್ಲೇ ಸಾಕ್ಷಿ. ಕೀನ್ಯಾದ ಓಲೋರ್ಗೆಸೈಲಿಯಲ್ಲಿ ರಾಶಿ ರಾಶಿ ಕೈಗೊಡಲಿ ಬಿದ್ದಿವೆ, ಅವು ಬಹುತೇಕ ಹತ್ತಿರದ ಕಲ್ಲೇ. ಅದೇ ಕಣಿವೆಯಲ್ಲಿ ಸುಮಾರು 3.2 ಲಕ್ಷ ವರ್ಷದ ಹೊತ್ತಿಗೆ ಕೈಗೊಡಲಿ ಹೋಗಿ ಚಿಕ್ಕ ಉಪಕರಣ ಬಂದಾಗ, ಅಬ್ಸಿಡಿಯನ್ (ಜ್ವಾಲಾಮುಖಿಯ ಗಾಜಿನಂಥ ಕಲ್ಲು) 25ರಿಂದ 50 ಕಿಲೋಮೀಟರ್ ದೂರದಿಂದ ಬರೋಕೆ ಶುರುವಾಗತ್ತೆ, ಅಂದ್ರೆ ದೂರದ ಗುಂಪುಗಳ ಜೊತೆ ಕೊಡು-ಕೊಳ್ಳು ಇತ್ತು ಅಂತ ಅಲ್ಲಿ ಕೆಲಸ ಮಾಡಿದೋರು ಹೇಳ್ತಾರೆ. ಹಾಗಾಗಿ ಕೈಗೊಡಲಿ ಮಾಡಿದೋರದ್ದು ಹತ್ತಿರದ ಜನರ, ಮುಖ ಪರಿಚಯದ ಲೋಕ ಅಂತ ನನ್ನ ಊಹೆ. ಇಸಾಂಪುರದಲ್ಲೂ ಚಪ್ಪಡಿ ಅಲ್ಲೇ ಎಬ್ಬಿಸಿದ್ದು, ಹೊಡೆಯೋ ಗುಂಡುಗಳನ್ನ ಮಾತ್ರ ಹೊರಗಿಂದ ಆರಿಸಿ ತಂದಿದ್ದು. ಅಂದ್ರೆ ಕೆಲಸಕ್ಕೆ ಬರೋ ಮುಂಚೆನೇ ಏನು ಬೇಕು ಅಂತ ಗೊತ್ತಿತ್ತು. ನಾನು ಅಂಗಡಿ ಗುಡ್ಡೆಯಲ್ಲಿ ದೊಡ್ಡ ತುಂಡನ್ನ ಒಬ್ಬನೇ ಎಬ್ಬಿಸೋಕೆ ಆಗದೆ ಇನ್ನೊಬ್ಬರನ್ನ ಕರೆದೆ, ನೆಲಕ್ಕೆ ಕಚ್ಚಿಕೊಂಡ ಚಪ್ಪಡಿಯನ್ನ ಎಬ್ಬಿಸೋಕೆ ಅವರು ಜೊತೆಗಾರರನ್ನ ಕರೀದೇ ಇರೋಕೆ ಸಾಧ್ಯ ಇಲ್ಲ.

ನೀವೂ ಟ್ರೈ ಮಾಡೋದಾದ್ರೆ: ಹುಣಸಗಿ ಕಡೆಯಾಗಲಿ, ಮಲಪ್ರಭಾ ಘಟಪ್ರಭಾ ದಂಡೆಯಾಗಲಿ, ನೆಲದ ಮೇಲೆ ಬಿದ್ದ ಹಳೇ ಉಪಕರಣ ಎತ್ಕೊಂಡು ಬರಬೇಡಿ, ಕಲ್ಲು ಹೊಡೆಯೋದಕ್ಕೂ ಅಲ್ಲಿ ಕೂರಬೇಡಿ. ಎತ್ತಿದ ಕೂಡಲೇ ಅದು ಯಾವ ರಾಶಿಯ ಪಕ್ಕ ಇತ್ತು ಅನ್ನೋದು ಹೋಗಿಬಿಡತ್ತೆ, ಇಷ್ಟೊತ್ತು ನಾನು ಹೇಳಿದ್ದೆಲ್ಲ ಆ ಪಕ್ಕ ಅನ್ನೋದರಲ್ಲೇ ಇರೋದು. ನೀವು ಮಾಡಿದ ಕೊಡಲಿ ಮೇಲೆ ಇಸವಿ ಗೀಚಿ. ಚಕ್ಕೆಯನ್ನ ಹೊಲಕ್ಕೆ, ಹಳ್ಳಕ್ಕೆ ಎಸೀಬೇಡಿ, ಮುಂದೆ ಯಾರಾದ್ರೂ ಅದನ್ನ ನಿಜವಾದ ನೆಲೆ ಅಂದುಕೊಳ್ಳಬಹುದು. ನಾನು ಎಲ್ಲ ಗುಡಿಸಿ, ಈಗಿನ ಒಂದು ನಾಣ್ಯ, ಒಂದು ಗಾಜಿನ ಬಾಟಲಿ ಸೇರಿಸಿ ಗೋಣಿಚೀಲದಲ್ಲಿ ಕಟ್ಟಿಟ್ಟಿದೀನಿ, ಹುಡುಗೀರ ಎರಡು ರಾಶಿ ಮಾತ್ರ ಬೇರೆ ಬೇರೆ ಕವರಲ್ಲಿ, ಜೋಡಿಸಿ ನೋಡ್ತೀವಿ ಅಂತ ಇಟ್ಕೊಂಡಿದಾರೆ. ಮುಂದಿನದು ಇಸಾಂಪುರದಲ್ಲಿ ಕೈಗೊಡಲಿ ಜೊತೆಗೇ ಸಿಗೋ ಕ್ಲೀವರ್ (ತುದಿ ಚೂಪಿರದೆ ಅಗಲ ಅಂಚಿರೋ ಕಲ್ಲಿನ ಉಪಕರಣ), ಅದಕ್ಕೆ ಮೊದಲು ತಲೆದಿಂಬಿನಷ್ಟು ದೊಡ್ಡ ಕಲ್ಲಿಂದ ಒಂದೇ ಹೊಡೆತಕ್ಕೆ ದೊಡ್ಡ ಚಕ್ಕೆ ಎಬ್ಬಿಸಬೇಕು, ಯಜಮಾನ್ರು ಕಲ್ಲು ಹಿಡ್ಕೊಳ್ಳೋಕೆ ಬರ್ತೀನಿ ಅಂದಿದಾರೆ.